ದುರುಗಕ್ಕ ಕೊಟ್ಟ ಎಲೆಯಡಿಕೆ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ದುರುಗಕ್ಕ ಎಂದರೆ ಗುರುತು ಹೇಳಬೇಕಾಗಿಲ್ಲ. ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ದುರುಗಕ್ಕ. ಅವಳು ರಾಟೆಯ ಮುಂದೆ ಕೂತರೆ ಒಂದು ಎಳೆಯೂ ಕಡಿಯುವುದಿಲ್ಲ, ಬಾಯಿ ತೆರೆದರೆ ಒಂದು ಮಾತೂ ಕಡಿಯುವುದಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಮಗ್ಗದ ಸೀರೆಗೆ ಅಂಚು ಕೆಟ್ಟಿತು, ಎಲ್ಲ ಅವಳ ನಾಲಿಗೆಯ ಮೇಲೆ. ಇಂಥ ಬಾಯಿಯ ಹೆಂಗಸು ಒಂದೇ ಒಂದು ಮಾತನ್ನು ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬೆಂದಳು. ಅದು ತಮ್ಮ ಗಾದ್ರಪ್ಪನಿಗೆ ಹೇಳಬೇಕಾದ ಮಾತು. ಹೇಳಿದರೆ ಅವನು ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಹೇಳದಿದ್ದರೆ ಅವನು ಸಾಯುವ ತನಕ ತನ್ನನ್ನು ತಾನೇ ಕೈಲಾಗದವನು ಅಂದುಕೊಂಡು ಬಾಳುತ್ತಾನೆ ಎಂಬ ಸಂಕಟ.

ದುರುಗಕ್ಕನ ತವರು ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿ. ಅವ್ವ ಸತ್ತಾಗ ಅವಳಿಗೆ ಹದಿಮೂರು ವರ್ಷ, ಗಾದ್ರಪ್ಪನಿಗೆ ಮೂರು. ಅಪ್ಪ ಊರ ದನ ಕಾಯುವವನು, ಬೆಳಿಗ್ಗೆ ಊರಾಚೆಯ ಹುಲ್ಲುಗಾವಲು ಕಾವಲಿಗೆ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಅವಳೂ ಅಪ್ಪನ ಹಿಂದೆ ಹೋಗುತ್ತಿದ್ದಳು. ಹುಲ್ಲಿನಲ್ಲಿ ಬಿಟ್ಟರೆ ಆ ಹುಡುಗ ಕರುಗಳ ಹಿಂದೆ ಬೀಳುವನು. ಕರು ಎಡಕ್ಕೆ ಹೊರಳಿದರೆ ಇವನೂ ಎಡಕ್ಕೆ, ಬಲಕ್ಕೆ ಹಾರಿದರೆ ಬಲಕ್ಕೆ. ಆಮೇಲಾಮೇಲೆ ಕರುವಿಗಿಂತ ಮುಂಚೆ ಇವನೇ ಹೊರಳುತ್ತಿದ್ದ. ‘ಇವನ ಕಾಲಿಗೆ ಬ್ಯಾರೆ ಕಣ್ಣು ಅವೆ ಕಣೇ’ ಎಂದು ಅಪ್ಪ ನಗುತ್ತಿದ್ದ.

ಹದಿನೆಂಟಕ್ಕೆ ಅವಳ ಮದುವೆಯಾಯಿತು. ಗಂಡ ಬೊಮ್ಮಣ್ಣ ಮೊಳಕಾಲ್ಮೂರಿನಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುವವನು, ಸಾಧು ಮನುಷ್ಯ. ಗಂಡನ ಮನೆಗೆ ಹೊರಟ ದಿನ ಎಂಟು ವರ್ಷದ ಗಾದ್ರಪ್ಪ ಬಸ್ಸಿನ ಹಿಂದೆ ಕೆರೆ ಏರಿಯ ತನಕ ಓಡಿ ಬಂದ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವನು ಸಣ್ಣಗಾಗಿ ಸಣ್ಣಗಾಗಿ ಧೂಳಿನಲ್ಲಿ ಕಾಣದೆ ಹೋದದ್ದನ್ನು ಅವಳು ಮರೆಯಲೇ ಇಲ್ಲ. ಹೆತ್ತದ್ದು ಅವ್ವನಾದರೂ ಸಾಕಿದ ಕರುಳು ಇವಳದ್ದಲ್ಲವೇ? ತನಗೆ ಮಕ್ಕಳಾಗಲಿಲ್ಲ. ಹಬ್ಬ ಬಂದರೆ ತಮ್ಮ ಬರುತ್ತಾನಾ, ಬರುವುದಿಲ್ಲವಾ ಎಂಬುದೊಂದೇ ಲೆಕ್ಕ ಅವಳಿಗೆ.

ಗಾದ್ರಪ್ಪ ಚಳ್ಳಕೆರೆಯಲ್ಲಿ ಕಾಲೇಜು ಸೇರಿದ. ಓದಿನಲ್ಲಿ ಅಷ್ಟಕ್ಕಷ್ಟೆ. ಕಬಡ್ಡಿ ಅಂಕಣಕ್ಕೆ ಇಳಿದರೆ ಮಾತ್ರ ಬೇರೆಯೇ ಮನುಷ್ಯ. ಎದುರಾಳಿಗಳ ಗೆರೆಯೊಳಗೆ ಹೋಗಿ, ಏಳು ಜನ ಸುತ್ತುವರಿದರೂ ಕಾವಲಿನ ಕರುವಿನಂತೆ ನುಣುಚಿಕೊಂಡು ಬಂದುಬಿಡುತ್ತಿದ್ದ. ಡ್ರಿಲ್ ಮೇಷ್ಟ್ರು ಶಾಂತವೀರಪ್ಪನವರು ಯಾರನ್ನೂ ಹೊಗಳುವವರಲ್ಲ. ಅವರೂ ಇವನ ಆಟ ನೋಡಿ ಬಾಯಲ್ಲಿದ್ದ ಸೀಟಿ ಊದುವುದನ್ನು ಮರೆತಿದ್ದರಂತೆ.

ಈಗ ಆ ಕಾಲದ ಒಂದು ಪದ್ಧತಿ ಹೇಳಬೇಕು. ಅದು ತಿಳಿಯದಿದ್ದರೆ ದುರುಗಕ್ಕ ಮಾಡಿದ್ದು ಏನು ಎಂಬುದೇ ತಿಳಿಯುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಈ ಎರಡು ತಾಲ್ಲೂಕಿನ ಕಬಡ್ಡಿ ತಂಡಗಳ ನಡುವೆ ಮೊದಲೆಲ್ಲ ಹುಡುಗರಿಗಾಗಿ ಹೊಡೆದಾಟವೇ ಆಗುತ್ತಿತ್ತು. ಪಂದ್ಯದ ಬೆಳಿಗ್ಗೆ ಒಂದು ತಂಡದವರು ಟ್ರ್ಯಾಕ್ಸ್ ಗಾಡಿ ತಂದು ಹುಡುಗನನ್ನು ಹತ್ತಿಸಿಕೊಂಡು ಹೋದರೆ, ಇನ್ನೊಂದು ತಂಡದವರು ದಾರಿಗೆ ಅಡ್ಡ ನಿಂತು ಇಳಿಸಿಕೊಳ್ಳುವರು. ತಲೆ ಒಡೆದು, ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಹಿರಿಯರು ಒಂದು ಕಟ್ಟುಪಾಡು ಮಾಡಿದರು. ದಸರೆಗೆ ಮುಂಚೆ ತಂಡಗಳ ಮುಖಂಡರೆಲ್ಲ ನಡುವಿನ ತಳಕು ಊರಿನ ಒಂದು ಚಾ ಹೋಟೆಲಿನಲ್ಲಿ ಸೇರಬೇಕು. ಕಾಲೇಜು ಹುಡುಗರಲ್ಲಿ ತಮಗೆ ಬೇಕಾದವರ ಹೆಸರನ್ನು ಒಂದೊಂದು ತಂಡ ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಇದಕ್ಕೆ ‘ಹೆಸರು ಕಟ್ಟೋದು’ ಎನ್ನುತ್ತಿದ್ದರು. ಯಾವ ತಂಡ ಮೊದಲು ಕಟ್ಟಿತೋ ಆ ಹುಡುಗನ ಹತ್ತಿರ ಮಾತಾಡುವ ಹಕ್ಕು ಅದಕ್ಕೊಂದಕ್ಕೇ. ಬೇರೆ ಯಾರೂ, ಹೊರಜಿಲ್ಲೆಯವರೇ ಬರಲಿ, ಆ ತಂಡ ಬಿಟ್ಟುಕೊಡದೆ ಅವನನ್ನು ಕರೆಯುವಂತಿಲ್ಲ. ಹೆಸರು ಕಟ್ಟಿದ್ದಾರೆಂದು ಹುಡುಗನಿಗೆ ಹೇಳಬೇಕೆಂಬ ನಿಯಮವೇ ಇರಲಿಲ್ಲ. ಹೇಳಿದರೆ ತಲೆ ತಿರುಗುತ್ತದಂತೆ! ಆಡುವ ಕಾಲು ಅವನದು, ಕಟ್ಟುವ ಹಗ್ಗ ಇವರದು.

ಹೀಗೆ ಕಟ್ಟಿದ ಹೆಸರು ಒಂದು ವರ್ಷಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹುಡುಗನ ಮನೆಯ ಹಿರಿಯರು ಎಲೆಯಡಿಕೆ ಕೊಟ್ಟು ಕಟ್ಟಿಸಿದ್ದರೆ ಮಾತ್ರ ಹಾಗಲ್ಲ. ಕೊಟ್ಟ ಕೈಯೇ ಹೋಗಿ, ಇಸಿದುಕೊಂಡ ಕೈಯಿಂದ ಎಲೆಯಡಿಕೆ ವಾಪಸು ಪಡೆಯುವ ತನಕ ಅದು ಗಟ್ಟಿ. ಹೆಣ್ಣು ನಿಶ್ಚಯ ಮಾಡಿದ ಹಾಗೆ.

ತೊಂಬತ್ತಾರರ ಶ್ರಾವಣದಲ್ಲಿ ಜಂಪಣ್ಣ ದುರುಗಕ್ಕನ ಮನೆಗೆ ಬಂದ. ಬೊಮ್ಮಣ್ಣ ನೇಯುತ್ತಿದ್ದದ್ದು ಅವನ ಮಗ್ಗದಲ್ಲೇ. ನುಂಕೆಮಲೆ ಗೆಳೆಯರ ತಂಡ ಎಂದು ಕಬಡ್ಡಿ ತಂಡ ಕಟ್ಟಿದ್ದವನೂ ಅವನೇ. ಸಾಹುಕಾರ ತಾನಾಗಿ ಮನೆಗೆ ಬಂದನೆಂದರೆ ಸಾಮಾನ್ಯವೇ? ಅವಳು ಗಾಬರಿಯಾಗಿ ಹೊಸ ಚಾಪೆ ಹಾಸಿದಳು.

‘ಏಮಮ್ಮಾ ದುರುಗಕ್ಕ, ಬಾಗುನ್ನಾವಾ?’ ಎಂದು ತೆಲುಗಿನಲ್ಲೇ ಕ್ಷೇಮ ಕೇಳಿ ಶುರು ಮಾಡಿದ ಜಂಪಣ್ಣ, ‘ನಿನ್ ತಮ್ಮನ ಹೆಸ್ರು ನಾವು ಕಟ್ಕೊಂತೀವಿ. ಚಳ್ಳಕೆರೆಯೋರು ಕಣ್ ಹಾಕವ್ರೆ. ಮನೆಯೋರ ಎಲೆಯಡಿಕೆ ಬಿದ್ರೆ ಗಟ್ಟಿ. ನಿಮ್ಮಪ್ಪ ದನದ ಹಿಂದೆ ಇರ್ತಾನೆ, ಸಾಕಿದೋಳು ನೀನು, ನೀನೇ ಕೊಡಮ್ಮ’ ಎಂದ.

‘ಅವನು ಇಲ್ಲಿಗೆ ಬಂದು ಆಡ್ತಾನೇನ್ರಿ ಸಾವ್ಕಾರ್ರೆ?’

‘ಇಲ್ದೆ ಮತ್ತೆ? ಪ್ರತಿ ಭಾನುವಾರ ಇಲ್ಲೇ ಪ್ರಾಕ್ಟೀಸು.’

ಪ್ರತಿ ಭಾನುವಾರ! ದುರುಗಕ್ಕನಿಗೆ ಮುಂದಿನ ಮಾತು ಕಿವಿಗೇ ಬೀಳಲಿಲ್ಲ. ಹಬ್ಬಕ್ಕೊಮ್ಮೆ ಮುಖ ತೋರಿಸುವ ತಮ್ಮ ಇನ್ನು ವಾರವಾರ ಬರುತ್ತಾನೆ, ತನ್ನ ಕೈಯ ಊಟ ಉಂಡು ಹೋಗುತ್ತಾನೆ. ಒಳಗೆ ಹೋಗಿ ದೇವರ ಗೂಡಿನ ಮುಂದೆ ಐದು ಎಲೆ, ಎರಡು ಅಡಿಕೆ ಇಟ್ಟು, ಕೈಮುಗಿದು, ತಟ್ಟೆಯಲ್ಲಿ ತಂದು ಜಂಪಣ್ಣನ ಕೈಗೆ ಕೊಟ್ಟಳು. ‘ಹುಡುಗನಿಗೆ ಈಗ್ಲೇ ಹೇಳ್ಬ್ಯಾಡ. ನಾವೇ ಕರೀತೀವಿ’ ಎಂದು ಜಂಪಣ್ಣ ಹೇಳಿ ಹೋದ. ಅವಳು ಹೇಳಲಿಲ್ಲ. ತಮ್ಮನಿಗೆ ಅದು ಖುಷಿಯ ಸುದ್ದಿಯಾಗಿ ಬರಲಿ ಎಂದುಕೊಂಡಳು, ಪಾಪ.

ದಸರೆ ಮುಗಿದು ದೀಪಾವಳಿ ಬಂತು. ದುರುಗಕ್ಕ ಪ್ರತಿ ಭಾನುವಾರ ಶೇಂಗಾ ಹೋಳಿಗೆ ಮಾಡಿ ಬಾಗಿಲು ನೋಡಿದಳು. ಯಾರೂ ಗಾದ್ರಪ್ಪನನ್ನು ಕರೆಯಲಿಲ್ಲ. ಜಂಪಣ್ಣನ ತಂಡದಲ್ಲಿ ಆಗಲೇ ಇಬ್ಬರು ಗಟ್ಟಿ ಆಟಗಾರರಿದ್ದರು. ಇವನ ಹೆಸರು ಕಟ್ಟಿದ್ದು ಆಡಿಸುವುದಕ್ಕಲ್ಲ, ಚಳ್ಳಕೆರೆಯವರಿಗೆ ಸಿಗಬಾರದೆಂದು. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಹಾಗೆ. ‘ಮುಂದಿನ ವರ್ಷ ನೋಡಾಣ ಅಂದ್ರು ಸಾವ್ಕಾರ್ರು’ ಎಂದು ಬೊಮ್ಮಣ್ಣ ಮಗ್ಗದಿಂದ ಬಂದು ಹೇಳಿದ. ಹೋಳಿಗೆ ಓಣಿಯ ಮಕ್ಕಳ ಪಾಲಾಯಿತು.

ತೊಂಬತ್ತೇಳರ ಸಂಕ್ರಾಂತಿ ಕಳೆದ ವಾರ ಚಳ್ಳಕೆರೆಯಲ್ಲಿ ಕಾಲೇಜುಗಳ ಪಂದ್ಯ ನಡೆಯಿತು. ಹರಿಹರದ ಕಡೆಯ ಒಂದು ಕಾರ್ಖಾನೆಯಿಂದ ಇಬ್ಬರು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರ್ಖಾನೆಯ ಕಬಡ್ಡಿ ತಂಡಕ್ಕೆ ಒಬ್ಬ ಹುಡುಗ ಬೇಕಾಗಿದ್ದ. ಆಯ್ಕೆಯಾದವನಿಗೆ ಕಾಯಂ ಕೆಲಸ. ಇದು ಮೈದಾನಕ್ಕೆಲ್ಲ ಗೊತ್ತಿತ್ತು, ಗಾದ್ರಪ್ಪನಿಗೂ ಗೊತ್ತಿತ್ತು. ಅವತ್ತು ಅವನು ಹೇಗೆ ಆಡಿದನೆಂದರೆ, ಸೋತ ತಂಡದವರೇ ಬಂದು ಅವನ ಕೈ ಕುಲುಕಿದರು. ಆ ಇಬ್ಬರಲ್ಲಿ ಒಬ್ಬರು ಅವನ ಬೆನ್ನು ತಟ್ಟಿ, ‘ನಾಳೆ ಬೆಳಿಗ್ಗೆ ಕಾಲೇಜಿನ ಹತ್ರ ಇರಪ್ಪ, ಮಾತಾಡೋಣ’ ಎಂದರು.

ಅವನು ಇದ್ದದ್ದೊಂದು ಬಿಳಿ ಅಂಗಿಯನ್ನು ಒಗೆದು, ಚೊಂಬಿಗೆ ಕೆಂಡ ಹಾಕಿ ಇಸ್ತ್ರಿ ಮಾಡಿ, ಬೆಳಿಗ್ಗೆ ಏಳಕ್ಕೇ ಕಾಲೇಜಿನ ಗೇಟಿನಲ್ಲಿ ನಿಂತ. ಒಂಬತ್ತಾಯಿತು, ಹನ್ನೊಂದಾಯಿತು. ಮಧ್ಯಾಹ್ನದ ತನಕ ನಿಂತ. ಅವರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಕಾರಣ ಇಷ್ಟೆ. ಕಾರ್ಖಾನೆಯವರು ಸಂಜೆ ವಿಚಾರಿಸಿದಾಗ, ಹುಡುಗನ ಹೆಸರು ನುಂಕೆಮಲೆ ತಂಡಕ್ಕೆ ಎಲೆಯಡಿಕೆ ಬಿದ್ದು ಗಟ್ಟಿಯಾಗಿದೆ, ಬಿಚ್ಚಿಸಿಕೊಂಡು ಬಂದರೆ ಮಾತು ಎಂದು ಮುಖಂಡರು ಹೇಳಿದರು. ಅವರು ಪರಸ್ಥಳದವರು, ಜಗಳ ಯಾಕೆಂದು ಹತ್ತು ದಿನ ಕಾಯುತ್ತೇವೆ ಎಂದು ಹೊರಟುಹೋದರು. ಶಾಂತವೀರಪ್ಪ ಮೇಷ್ಟ್ರು ಮರುದಿನವೇ ಬಸ್ಸು ಹತ್ತಿ ದುರುಗಕ್ಕನ ಮನೆಗೆ ಬಂದರು.

‘ನೋಡಮ್ಮಾ, ಹತ್ತು ವರ್ಷದಾಗೆ ಇಂಥ ಕಾಲು ನೋಡಿಲ್ಲ ಅಂದ್ರು ಅವ್ರು. ಎಂಟು ಜಿಲ್ಲೆ ತಿರುಗಿ ಇವನೊಬ್ಬನ್ನೇ ಆರ್ಸಿದೀವಿ ಅಂದ್ರು. ಹತ್ತು ದಿನ ಟೈಮ್ ಐತೆ. ನೀನು ಕೊಟ್ಟ ಎಲೆಯಡಿಕೆ ನೀನೇ ವಾಪಸ್ ಈಸ್ಕೊಂಡು ಬಂದ್ಬಿಡು. ಹುಡುಗನಿಗೆ ಈಗ ಹೇಳಿದ್ರೆ ಬಿಸಿ ರಕ್ತ, ಜಂಪಣ್ಣನ ಮನೆ ಮುಂದೆ ಹೋಗಿ ಗಲಾಟೆ ಮಾಡ್ತಾನೆ. ಕೆಲಸ ಆದ್ಮ್ಯಾಲೆ ಹೇಳಾಣ.’

‘ಇವತ್ತೇ ಹೋಗ್ತೀನ್ರಿ ಮೇಷ್ಟ್ರೆ’ ಎಂದಳು ದುರುಗಕ್ಕ.

ಹೋಗಲಿಲ್ಲ. ಇಲ್ಲಿಯೇ ನೋಡಿ, ಈ ಹೆಂಗಸಿನ ಮೇಲೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಮೊದಲ ದಿನ, ಸಾಹುಕಾರರು ಮುನಿಸಿಕೊಂಡು ಗಂಡನನ್ನು ಮಗ್ಗದಿಂದ ಎಬ್ಬಿಸಿದರೆ ಎಂದು ಹೆದರಿದಳು. ಎರಡನೆಯ ದಿನ, ಕೊಟ್ಟ ಎಲೆಯಡಿಕೆ ವಾಪಸು ಕೇಳುವುದು ಹೆಂಗೆ, ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿಂಜರಿದಳು. ‘ಹೋಗ್ಬಾ ದುರುಗಿ, ನನ್ನ ಮಗ್ಗ ಹೋದ್ರೆ ಹೋಗ್ಲಿ’ ಎಂದು ಬೊಮ್ಮಣ್ಣನೇ ಹೇಳಿದ ಮೇಲೆ ಆ ಎರಡೂ ನೆಪ ಬಿದ್ದುಹೋದವು. ಆದರೂ ಮೂರನೆಯ ದಿನ, ನಾಲ್ಕನೆಯ ದಿನ ಅವಳು ರಾಟೆಯ ಮುಂದೆ ಕೂತೇ ಇದ್ದಳು. ಹರಿಹರ ಎಂದರೆ ದೂರ. ಕಾಯಂ ಕೆಲಸ ಎಂದರೆ ಅಲ್ಲೇ ಮನೆ, ಅಲ್ಲೇ ಮದುವೆ. ಭಾನುವಾರದ ಮಾತಿರಲಿ, ಹಬ್ಬಕ್ಕೂ ಬರುತ್ತಾನೋ ಇಲ್ಲವೋ. ತಮ್ಮ ಹತ್ತಿರವೇ ಉಳಿಯಲಿ ಎಂಬ ಆಸೆ ಅವಳೊಳಗೆ ಇತ್ತು. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ಆಮೇಲೆ ಅಷ್ಟು ನೊಂದಳು.

ಐದನೆಯ ದಿನ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಜಂಪಣ್ಣನ ಮನೆಗೆ ಹೋದಳು. ‘ನಿನ್ನೆ ಸಂಜೀನೇ ಹಿಂದೂಪುರಕ್ಕೆ ಹೋದ್ರು, ರೇಷ್ಮೆ ತರಾಕೆ’ ಎಂದಳು ಅವನ ಹೆಂಡತಿ. ಎಲೆಯಡಿಕೆ ಇಸಿದುಕೊಂಡದ್ದು ಜಂಪಣ್ಣನ ಕೈ. ಅವನ ಹೆಂಡತಿಯಾಗಲಿ ಮಗನಾಗಲಿ ವಾಪಸು ಕೊಟ್ಟರೆ ನಡೆಯದು. ದುರುಗಕ್ಕ ದಿನಕ್ಕೆ ಎರಡು ಸಲ ಆ ಮನೆಯ ಕಟ್ಟೆಗೆ ಹೋಗಿ ಕೂತಳು. ಅವನು ಬಂದದ್ದು ಹನ್ನೆರಡನೆಯ ದಿನ.

ಬಂದವನು ಮುನಿಸಿಕೊಳ್ಳಲೂ ಇಲ್ಲ. ಐದು ಎಲೆ, ಎರಡು ಅಡಿಕೆ ತರಿಸಿ ಅವಳ ಸೆರಗಿಗೆ ಹಾಕಿ ನಕ್ಕುಬಿಟ್ಟ. ‘ಇಷ್ಟಕ್ಕೆ ಯಾಕಮ್ಮಾ ಹೆದರ್ಕೊಂಡಿದ್ದೆ? ಹುಡುಗನ ಅನ್ನದ ದಾರಿಗೆ ನಾನು ಅಡ್ಡ ಬರ್ತೀನಾ? ನಾನು ಊರಾಗಿದ್ದಾಗ ಬಂದಿದ್ರೆ ಅವಾಗ್ಲೇ ಬಿಡ್ತಿದ್ದೆ.’

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದುರುಗಕ್ಕ ಸೆರಗು ಗಂಟು ಹಾಕಿಕೊಂಡು ನೇರ ಚಳ್ಳಕೆರೆಯ ಬಸ್ಸು ಹತ್ತಿದಳು. ಮೇಷ್ಟ್ರು ಅವಳ ಮುಖ ನೋಡದೆ, ‘ಮೊನ್ನೆ ಕೊಪ್ಪಳದ ಕಡೆ ಹುಡುಗನ್ನ ತಗೊಂಡ್ರಂತಮ್ಮ’ ಎಂದರು. ಆ ಬೇಸಿಗೆಯಲ್ಲೇ ಅವರಿಗೂ ವರ್ಗವಾಯಿತು. ಜಂಪಣ್ಣನಾಗಲಿ ಮುಖಂಡರಾಗಲಿ ಪದ್ಧತಿಯಂತೆ ಹುಡುಗನಿಗೆ ಬಾಯಿ ಬಿಡಲಿಲ್ಲ; ನಿಜ ಬಲ್ಲ ಮನೆಯವರೆಂದರೆ ದುರುಗಕ್ಕ, ಬೊಮ್ಮಣ್ಣ ಇಬ್ಬರೇ. ಬೊಮ್ಮಣ್ಣ ಒಂದು ದಿನವೂ ಹೆಂಡತಿಯನ್ನು ದೂರಲಿಲ್ಲ.

ಗಾದ್ರಪ್ಪ ಆಮೇಲೆ ಅಂಕಣಕ್ಕೆ ಇಳಿಯಲಿಲ್ಲ. ಕಾಲೇಜೂ ಬಿಟ್ಟ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ಹೊರುವ ಹಮಾಲಿಯಾದ. ಕೆಲಸ ಕೀಳೆಂದಲ್ಲ, ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ಮನುಷ್ಯನೇ ಕುಗ್ಗಿಹೋದ. ಮದುವೆಗೆ ಹೆಣ್ಣು ನೋಡಲು ಹೋದರೆ, ‘ನನ್ನಂಥೋನಿಗೆ ಯಾರಕ್ಕ ಕೊಡ್ತಾರೆ’ ಎನ್ನುವನು. ಹೇಗೋ ರಾಧಮ್ಮ ಎಂಬ ಒಳ್ಳೆಯ ಹುಡುಗಿ ಸಿಕ್ಕಳು. ಮಿಲ್ಲಿನ ಮಾಲೀಕ ಇವನ ನಿಯತ್ತು ನೋಡಿ ಹಮಾಲರ ಮೇಸ್ತ್ರಿ ಮಾಡುತ್ತೇನೆಂದರೆ, ‘ನನ್ನ ಕೈಲಿ ಆಗಲ್ರಿ, ಬ್ಯಾರೆಯೋರ್ನ ನೋಡ್ರಿ’ ಎಂದು ಕೈಮುಗಿದು ಬಂದನಂತೆ. ಬೀದಿಯಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರೆ ಇವನು ಸುತ್ತುದಾರಿ ಹಿಡಿದು ಹೋಗುವನು. ಇದೆಲ್ಲ ರಾಧಮ್ಮನ ಬಾಯಿಂದ ಕೇಳುವಾಗ ದುರುಗಕ್ಕನ ಕೈಯಲ್ಲಿ ಎಳೆ ಕಡಿಯುತ್ತಿತ್ತು.

ಇನ್ನೊಂದು ಸಂಕಟ ಕೇಳಿ. ಮಿಲ್ಲಿಗೆ ಭಾನುವಾರ ರಜ. ಗಾದ್ರಪ್ಪ ಭಾನುವಾರ ಭಾನುವಾರ ಅಕ್ಕನ ಮನೆಗೆ ಬರತೊಡಗಿದ. ಅವಳು ಬೇಡಿದ್ದು ಸಿಕ್ಕಿತ್ತು. ಹೋಳಿಗೆ ಬಡಿಸುತ್ತ ಅವನ ಚೀಲ ಹೊತ್ತ ಹೆಗಲಿನ ಬಾವು ಕಂಡರೆ ಅವಳು ತನ್ನ ಪಾಲಿನದನ್ನೂ ಅವನ ತಟ್ಟೆಗೇ ಹಾಕಿಬಿಡುತ್ತಿದ್ದಳು. ಎಷ್ಟೋ ಸಲ ಮಾತು ತುದಿನಾಲಿಗೆಯ ತನಕ ಬಂತು. ಇವನೂ ಹೋದರೆ ನನಗೆ ಯಾರು ಎಂದುಕೊಂಡು ನುಂಗಿದಳು.

ಎರಡು ಸಾವಿರದ ಏಳರ ಬೇಸಿಗೆಯ ಒಂದು ಭಾನುವಾರ. ಉಂಡು ಕೈ ತೊಳೆದು ಗಾದ್ರಪ್ಪ ಜಗುಲಿಯ ಮೇಲೆ ಕೂತಿದ್ದ. ಪಕ್ಕದ ಮನೆಯ ಮಹಾಂತೇಶ, ಪ್ರೈಮರಿ ಶಾಲೆಯ ಮೇಷ್ಟ್ರು, ಪೇಪರು ಹಿಡಿದುಕೊಂಡು ಬಂದ. ಓದಿದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅವನಿಗೆ ಅರಗುವುದಿಲ್ಲ.

‘ಇಲ್ ಕೇಳು ಗಾದ್ರಪ್ಪ. ಕೆನಡಾ ಅಂತ ದೇಶ ಐತಲ್ಲ, ಅಲ್ಲಿ ಒಂಥರಾ ಫುಟ್‌ಬಾಲು. ಚೆಂಡು ಕೈಯಾಗೇ ಹಿಡ್ಕೊಂಡು ಓಡೋದು. ಅಲ್ಲಿ ತಂಡದೋರು ಅಮೆರಿಕದ ಕಾಲೇಜು ಹುಡುಗ್ರ ಹೆಸ್ರು ಬರ್ದು ಇಟ್ಕೊಂಬಿಡ್ತಾರಂತೆ. ಒಬ್ರು ಬರ್ಕೊಂಡ್ರೆ ಆ ದೇಶದ ಇನ್ನೊಂದು ತಂಡ ಆ ಹುಡುಗನ ಹತ್ರ ಮಾತಾಡಂಗಿಲ್ಲ. ತಮಾಷೆ ಅಂದ್ರೆ, ತನ್ನ ಹೆಸ್ರು ಅಲ್ಲಿ ಐತೆ ಅಂತ ಎಷ್ಟೋ ಹುಡುಗ್ರಿಗೆ ಗೊತ್ತೇ ಇರಲ್ವಂತೆ!’

ಗಾದ್ರಪ್ಪ ನಕ್ಕ. ‘ಪುಣ್ಯವಂತ್ರು ಬಿಡಪ್ಪ. ಗೊತ್ತಿಲ್ದಿದ್ರೂ ಯಾರೋ ಒಬ್ರು ಹೆಸ್ರು ಬರ್ಕೊಂಡವ್ರಲ್ಲ. ನಾನೂ ಒಂದು ಕಾಲದಾಗೆ ಬಿಳಿ ಅಂಗಿ ಹಾಕ್ಕೊಂಡು ಗೇಟಿನಾಗೆ ನಿಂತಿದ್ದೆ. ನನ್ನ ಹೆಸ್ರು ಯಾರೂ ಬರ್ಕೊಳ್ಳಿಲ್ಲ. ಬರ್ಕೊಳ್ಳಂಗೆ ಆಡಿದ್ರೆ ತಾನೆ?’

ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ದುರುಗಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ‘ಮಹಾಂತೇಶ, ನೀನು ಆಮ್ಯಾಕೆ ಬಾರಪ್ಪ’ ಎಂದಳು. ಅವನು ಅವಳ ಮುಖ ನೋಡಿ ಪೇಪರು ಮಡಚಿಕೊಂಡು ಎದ್ದುಹೋದ.

ತಮ್ಮನ ಎದುರು ನೆಲದ ಮೇಲೆ ಕೂತು ಹೇಳಿದಳು. ಜಂಪಣ್ಣ ಬಂದದ್ದು, ಐದು ಎಲೆ, ಎರಡು ಅಡಿಕೆ. ಕಾರ್ಖಾನೆಯವರ ಹತ್ತು ದಿನದ ಗಡುವು. ತಾನು ಸುಮ್ಮನೆ ಕೂತ ನಾಲ್ಕು ದಿನ, ಯಾಕೆ ಕೂತಳೆಂಬುದನ್ನೂ ಮುಚ್ಚಿಡಲಿಲ್ಲ. ‘ನೀನು ದೂರ ಹೋಗ್ತೀಯಾ ಅಂತ ನಾಕು ದಿನ ತಡ ಮಾಡ್ದೆ ಕಣೋ. ನಿನ್ನ ಬಾಳು ಹಾಳು ಮಾಡಿದೋಳು ನಾನೇ. ಹೊಡಿ, ಬೈಯಿ, ಏನಾರ ಮಾಡು. ಇನ್ನ ನನ್ನ ಕೈಲಿ ಇದನ್ನ ಹೊರಾಕೆ ಆಗಲ್ಲ.’

ಗಾದ್ರಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದ. ಮುಗಿಯಿತು, ಹೊರಟ ಎಂದುಕೊಂಡಳು ದುರುಗಕ್ಕ. ಅವನು ಬೇವಿನ ಮರದ ತನಕ ಹೋಗಿ ಅವಳಿಗೆ ಬೆನ್ನು ಹಾಕಿ ನಿಂತ. ಆಮೇಲೆ ತಿರುಗಿ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೈಗುಳ ಕೇಳಲು ಅವಳು ತಲೆ ತಗ್ಗಿಸಿದಳು.

‘ಹಂಗಾದ್ರೆ ಅವತ್ತು ನಾನು ಚೆನ್ನಾಗೇ ಆಡಿದ್ನಾ, ಅಕ್ಕ?’

ಅವಳು ತಲೆ ಎತ್ತಿದಳು. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದಳು.

‘ಆಡಿದ್ದೆ ಕಣೋ ನನ್ನಪ್ಪ. ಚೆನ್ನಾಗಿ ಆಡಿದ್ದೆ.’

‘ಏನಂದಿದ್ರು ಅವ್ರು?’

‘ಹತ್ತು ವರ್ಷದಾಗೆ ಇಂಥ ಕಾಲು ನೋಡಿಲ್ಲ ಅಂದಿದ್ರು. ಎಂಟು ಜಿಲ್ಲೆ ತಿರುಗಿ ಇವನೊಬ್ಬನ್ನೇ ಆರ್ಸಿದೀವಿ ಅಂದಿದ್ರು.’

ಗಾದ್ರಪ್ಪ ತನ್ನ ಕಾಲುಗಳನ್ನು ನೋಡಿಕೊಂಡ. ಹಿಮ್ಮಡಿ ಒಡೆದು ಶೇಂಗಾದ ಧೂಳು ತುಂಬಿಕೊಂಡಿತ್ತು.

‘ಇನ್ನೊಂದ್ಸಲ ಹೇಳಕ್ಕ’ ಎಂದ.

ದುರುಗಕ್ಕ ಹೇಳಿದಳು. ಅವನು ಮತ್ತೆ ಕೇಳಿದ, ಅವಳು ಮತ್ತೆ ಹೇಳಿದಳು. ಚಳ್ಳಕೆರೆಯ ಬಸ್ಸು ಬರುವ ತನಕ ಹೇಳುತ್ತಲೇ ಇದ್ದಳು.